ಬ್ಯಾಂಕಿನಲ್ಲಿದೆ, ಆದರೆ ನನ್ನದಲ್ಲ

"ನಮ್ಮ ದುಡ್ಡಲ್ಲಿ ಇನ್ನೂ ಎಷ್ಟು ಉಳಿದಿದೆ?"

ಫೋನಿನಲ್ಲಿ ಆ ಮೇಡಂ ಕೇಳಿದ್ದು ಇಷ್ಟೇ. ದನಿಯಲ್ಲಿ ಅನುಮಾನ ಇರಲಿಲ್ಲ, ಬೇಸರವೂ ಇರಲಿಲ್ಲ. ಅವರ ಸಂಸ್ಥೆಯ ಒಂದು ಪ್ರದರ್ಶನಕ್ಕೆ ನಾವು ಫಲಕ, ಮರದ ಚೌಕಟ್ಟು, ದೀಪ ಎಲ್ಲವನ್ನೂ ಮಾಡಿಕೊಡುತ್ತಿದ್ದೆವು. ಖಾಲಿ ಬಿಟ್ಟಿದ್ದ ಇನ್ನೊಂದು ಗೋಡೆಯ ಮೇಲೂ ಹಳೆಯ ಫೋಟೋಗಳನ್ನು ದೊಡ್ಡದು ಮಾಡಿ ಹಾಕಿಸಬೇಕು ಅಂತ ಅವರಿಗೆ ಆಸೆ. ಅದಕ್ಕೆ ದುಡ್ಡು ಸಾಲುತ್ತದಾ ಎಂದು ತಿಳಿಯಬೇಕಿತ್ತು.

ನಾನು ಮೊಬೈಲಿನಲ್ಲಿ ಬ್ಯಾಂಕ್ ಬ್ಯಾಲೆನ್ಸ್ ನೋಡಿದೆ. 1,12,000 ಇತ್ತು. "ಐವತ್ತು ಸಾವಿರದ ಹತ್ತಿರ ಇರಬಹುದು ಮೇಡಂ, ನೋಡಿ ಹೇಳುತ್ತೇನೆ" ಎಂದೆ. ಫೋನ್ ಇಟ್ಟ ಮೇಲೆ ಬಹಳ ಹೊತ್ತು ಹಾಗೇ ಕೂತಿದ್ದೆ. ಐವತ್ತು ಸಾವಿರ ಎನ್ನುವ ಲೆಕ್ಕ ಎಲ್ಲಿಂದ ಬಂತು ಎಂದು ನನಗೇ ಗೊತ್ತಿರಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟಿದ್ದೆ.

ಅವರು "ನಮ್ಮ ದುಡ್ಡು" ಎಂದಿದ್ದರು. ಆ ದುಡ್ಡು ಬಂದ ದಿನ ನನ್ನ ಲೆಕ್ಕದಲ್ಲಿ ನಾನು ಬರೆದುಕೊಂಡಿದ್ದು ಬೇರೆ: "ಆದಾಯ 2,50,000."

ಆ ರಾತ್ರಿ ಬಿಲ್ಲುಗಳ ಲಕೋಟೆಯನ್ನು ಮೇಜಿನ ಮೇಲೆ ಸುರಿದುಕೊಂಡೆ. ಬ್ಯಾಂಕ್ ಸ್ಟೇಟ್‌ಮೆಂಟ್ ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಹೊಂದಿಸುತ್ತಾ ಹೋದೆ. ಕೆಲಸ ಒಪ್ಪಿಕೊಂಡಾಗ ನಮ್ಮ ಮಾತು ಸ್ಪಷ್ಟವಾಗಿಯೇ ಇತ್ತು. 2,50,000ದಲ್ಲಿ 1,00,000 ನಮ್ಮ ಶುಲ್ಕದ ಮುಂಗಡ. ಉಳಿದ 1,50,000 ಅವರ ಪರವಾಗಿ ಮಾಡುವ ಖರ್ಚಿಗೆ. ಎರಡೂ ಒಂದೇ ವರ್ಗಾವಣೆಯಲ್ಲಿ ಬಂದಿದ್ದವು. ನಾನು ಒಂದೇ ಸಾಲಿನಲ್ಲಿ ಬರೆದಿದ್ದೆ.

ಅವರಿಗಾಗಿ ಆದ ಖರ್ಚು ನಾಲ್ಕು. ಮುದ್ರಣಕ್ಕೆ 38,600. ಮರಕ್ಕೆ 52,000. ಸಾಗಣೆಗೆ 9,400. ಸಭಾಂಗಣದ ಠೇವಣಿ 20,000. ಒಟ್ಟು 1,20,000. ಅಂದರೆ ಅವರ ದುಡ್ಡಿನಲ್ಲಿ ಉಳಿದಿದ್ದು 30,000. ನಾನು ಹೇಳಿದ್ದು ಐವತ್ತು. ಠೇವಣಿ ಕೊಟ್ಟಿದ್ದು ನನಗೆ ನೆನಪಿಗೇ ಬಂದಿರಲಿಲ್ಲ.

ನಿಜವಾಗಿ ಎದೆ ಧಸಕ್ಕೆಂದಿದ್ದು ಅದಾದ ಮೇಲೆ. ಬ್ಯಾಂಕಿನಲ್ಲಿದ್ದ 1,12,000ದಲ್ಲಿ 90,000 ಇನ್ನೊಬ್ಬ ಕ್ಲೈಂಟಿನದು. ಅವರ ಕೆಲಸ ಇನ್ನೂ ಶುರುವಾಗಿರಲಿಲ್ಲ. ಸಾಮಾನು ತರಲಿ ಎಂದು ಹಿಂದಿನ ವಾರವಷ್ಟೇ ಕಳಿಸಿದ್ದರು. ಇವರದು 30,000, ಅವರದು 90,000. ಕೂಡಿಸಿದರೆ 1,20,000. ನನ್ನ ಹತ್ತಿರ ಇದ್ದದ್ದು 1,12,000.

ಎಂಟು ಸಾವಿರ ಕಮ್ಮಿ.

ಯಾರ ದುಡ್ಡನ್ನೂ ತಿನ್ನಬೇಕು ಅಂತ ನಾನು ಯೋಚಿಸಿರಲಿಲ್ಲ. ಈ ಎರಡು ಮುಂಗಡ ಬರುವ ಮೊದಲು ಖಾತೆ ಖಾಲಿಯೇ ಇತ್ತು. ದೊಡ್ಡ ಮೊತ್ತ ಕಂಡ ಕೂಡಲೇ ಬಹಳ ದಿನದಿಂದ ಮುಂದೂಡಿದ್ದ ಕಂಪ್ಯೂಟರ್ ತಗೊಂಡೆ, 64,000. ಬಾಡಿಗೆ, ಜೊತೆಗಿದ್ದ ಹುಡುಗನ ಸಂಬಳ ಸೇರಿ 44,000. ಒಟ್ಟು 1,08,000. ನನ್ನದು ಅಂತ ಇದ್ದದ್ದು ಶುಲ್ಕದ 1,00,000 ಮಾತ್ರ. ಮೇಲಿನ ಎಂಟು ಸಾವಿರ ಯಾರದೋ ಗೋಡೆಯ ಚಿತ್ರದ್ದು, ಯಾರದೋ ಮರದ ಹಲಗೆಯದು. ಸರಿಯಾಗಿ ಹೇಳಬೇಕೆಂದರೆ ಆ ಶುಲ್ಕದ ಲಕ್ಷವೂ ಪೂರ್ತಿ ನನ್ನದಾಗಿರಲಿಲ್ಲ. ವಿನ್ಯಾಸದ ಕೆಲಸ ಇನ್ನೂ ಬಾಕಿ ಇತ್ತು.

ಮರುದಿನ ಬೆಳಿಗ್ಗೆ ನನ್ನ ಉಳಿತಾಯದಿಂದ ಎಂಟು ಸಾವಿರ ತಂದು ಹಾಕಿದೆ. ಆಮೇಲೆ ಮೇಡಂಗೆ ಫೋನ್ ಮಾಡಿ, "ನಿನ್ನೆ ನಾನು ಹೇಳಿದ್ದು ತಪ್ಪು. ಮೂವತ್ತು ಸಾವಿರ ಇದೆ. ಸಭಾಂಗಣದ ಠೇವಣಿ ಇಪ್ಪತ್ತು ಸಾವಿರ ಕಾರ್ಯಕ್ರಮ ಮುಗಿದ ಮೇಲೆ ವಾಪಸ್ ಬರುತ್ತದೆ" ಎಂದೆ. ಅವರು, "ಸರಿ, ಒಂದು ಹಾಳೆಯಲ್ಲಿ ಬರೆದು ಕಳಿಸಿಬಿಡಿ, ನಮ್ಮ ಕಮಿಟಿಗೆ ತೋರಿಸಬೇಕು" ಎಂದರು. ಅವರ ಮೇಲೂ ಲೆಕ್ಕ ಕೇಳುವವರು ಇದ್ದಾರೆ ಎನ್ನುವುದು ನನಗೆ ಆವರೆಗೆ ಹೊಳೆದೇ ಇರಲಿಲ್ಲ.

ಸಣ್ಣ ಕೆಲಸ ನಡೆಸುವ ಬಹಳಷ್ಟು ಜನ ಇದೇ ತಪ್ಪನ್ನು ಇದೇ ರೀತಿ ಮಾಡುತ್ತಾರೆ. ಮದುವೆ ಫೋಟೋ ತೆಗೆಯುವವರು, ಮನೆ ಒಳಾಂಗಣ ಮಾಡುವವರು, ವಿಡಿಯೋ ಮಾಡಿಕೊಡುವವರು, ಸಮಾರಂಭ ನಡೆಸಿಕೊಡುವವರು. ನಮ್ಮ ಕೈಯಲ್ಲಿ ಬೇರೆಯವರ ದುಡ್ಡು ಓಡಾಡುತ್ತಲೇ ಇರುತ್ತದೆ. ಹಾಗಾಗಿ ಆ ರಾತ್ರಿಯ ನಂತರ ನಾನು ಕಲಿತದ್ದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಕ್ಲೈಂಟಿನಿಂದ ಬರುವ ದುಡ್ಡು ನೋಡಲು ಒಂದೇ ಥರ ಇದ್ದರೂ ಅದರೊಳಗೆ ಮೂರು ಬಗೆ ಇದೆ. ನಾವು ಇನ್ನೂ ಮಾಡದ ಕೆಲಸಕ್ಕೆ ಮೊದಲೇ ಕೊಡುವ ಶುಲ್ಕ ಒಂದು. ಅವರ ಪರವಾಗಿ ನಾವು ಖರ್ಚು ಮಾಡಲಿ ಎಂದು ಕೊಡುವ ದುಡ್ಡು ಇನ್ನೊಂದು. ನಾವು ಮೊದಲೇ ಕೈಯಿಂದ ಹಾಕಿ, ಆಮೇಲೆ ಅವರಿಂದ ವಸೂಲಿ ಮಾಡಿಕೊಳ್ಳುವುದು ಮತ್ತೊಂದು. ಮೊದಲಿನ ಎರಡೂ ನಮ್ಮ ಮೇಲಿರುವ ಹೊಣೆ. ಮೂರನೆಯದು ನಮಗೆ ಬರಬೇಕಾದ ಬಾಕಿ, ಅಂದರೆ ಆಸ್ತಿ. ಬ್ಯಾಂಕಿಗೆ ದುಡ್ಡು ಬಂದ ದಿನ ಈ ಮೂರರಲ್ಲಿ ಯಾವುದೂ ಆದಾಯ ಅಲ್ಲ.

ಹೊಣೆ ಅಂದರೆ ಏನು? ನಾಳೆ ಅವರು "ಕೆಲಸ ಬೇಡ, ದುಡ್ಡು ವಾಪಸ್ ಕೊಡಿ" ಎಂದರೆ ಕೊಡಬೇಕಾದದ್ದು. ಇಲ್ಲವೇ ಆ ದುಡ್ಡಿಗೆ ತಕ್ಕ ಕೆಲಸ ಮಾಡಿಕೊಡಬೇಕಾದದ್ದು. ಸಾಲ ತಂದಾಗ ಅದನ್ನು ಯಾರೂ ಆದಾಯ ಅಂತ ಬರೆಯುವುದಿಲ್ಲ, ಅಲ್ವಾ? ಮುಂಗಡವೂ ಹೊಣೆಯ ಕಡೆ ಅದೇ ಸಾಲಿನಲ್ಲಿ ಕೂರುತ್ತದೆ.

ನನ್ನ ಆ 2,50,000ವನ್ನು ಸರಿಯಾಗಿ ಬರೆದಿದ್ದರೆ ಹೀಗಿರುತ್ತಿತ್ತು. ನಮ್ಮ ಪುಸ್ತಕದಲ್ಲಿ ಆಸ್ತಿ ಏರಿದರೆ ಡೆಬಿಟ್, ಹೊಣೆ ಏರಿದರೆ ಕ್ರೆಡಿಟ್; ಇಳಿದರೆ ತಿರುವುಮುರುವು. ಬ್ಯಾಂಕ್ ಖಾತೆಗೆ 2,50,000 ಡೆಬಿಟ್. ಶುಲ್ಕದ ಮುಂಗಡ ಖಾತೆಗೆ 1,00,000 ಕ್ರೆಡಿಟ್. ಖರ್ಚಿನ ಮುಂಗಡ ಎಂಬ ಖಾತೆಯ ಕೆಳಗೆ, ಆ ಕ್ಲೈಂಟಿನ ಹೆಸರಿನಲ್ಲೇ ತೆರೆದ ಉಪಖಾತೆಗೆ 1,50,000 ಕ್ರೆಡಿಟ್. ಲಾಭ-ನಷ್ಟದ ಪಟ್ಟಿಯಲ್ಲಿ ಆ ದಿನ ಒಂದು ಅಂಕಿಯೂ ಕದಲುವುದಿಲ್ಲ. ಬ್ಯಾಂಕ್ ಎಷ್ಟು ಏರಿತೋ ಹೊಣೆಯೂ ಅಷ್ಟೇ ಏರಿರುತ್ತದೆ.

ಮುದ್ರಣದ ಬಿಲ್ ಕಟ್ಟಿದ ದಿನ ಖರ್ಚಿನ ಮುಂಗಡ 38,600 ಡೆಬಿಟ್, ಬ್ಯಾಂಕ್ 38,600 ಕ್ರೆಡಿಟ್. ಉಳಿಕೆ 1,11,400. ಮರದ ಬಿಲ್ ಆದಾಗ 59,400. ಸಾಗಣೆ ಆದಾಗ 50,000. ಠೇವಣಿ ಕೊಟ್ಟಾಗ 30,000. ಮೇಡಂ ಫೋನ್ ಮಾಡಿದಾಗ ಆ ಉಪಖಾತೆಯ ಕೊನೆಯ ಸಾಲು ಓದಿದ್ದರೆ ಸಾಕಿತ್ತು. ಅವರ ಪ್ರಶ್ನೆಗೆ ಉತ್ತರ ಅಲ್ಲೇ ಇರುತ್ತಿತ್ತು.

ಠೇವಣಿಯ ಬಗ್ಗೆ ಒಂದು ಮಾತು. ಆ ರಸೀದಿ ಮೇಡಂ ಅವರ ಸಂಸ್ಥೆಯ ಹೆಸರಿನಲ್ಲೇ ಇತ್ತು. ಹಾಗಾಗಿ ಕೊಟ್ಟಾಗ ಅವರ ಮುಂಗಡದಿಂದ ಕಳೆದೆ. ಮೂರು ವಾರದ ನಂತರ ಇಪ್ಪತ್ತು ಸಾವಿರ ನನ್ನ ಖಾತೆಗೆ ವಾಪಸ್ ಬಂತು. ಅಷ್ಟು ಹೊತ್ತಿಗೆ ಕೆಲಸ ಮುಗಿದು, ಮನಸ್ಸು ಬೇರೆ ಕೆಲಸದಲ್ಲಿತ್ತು. ಹೀಗೆ ತಡವಾಗಿ, ಒಂಟಿಯಾಗಿ ಬರುವ ದುಡ್ಡೇ "ಇತರ ಆದಾಯ" ಎಂಬ ಸಾಲಿಗೆ ಜಾರಿಬಿಡುವುದು. ಠೇವಣಿ ಬರೆಯುವಾಗಲೇ ವಿವರಣೆಯಲ್ಲಿ "ವಾಪಸ್ ಬರಬೇಕು, ಬಂದರೆ ಕ್ಲೈಂಟಿಗೆ" ಎಂದು ಬರೆದಿಡುವ ಅಭ್ಯಾಸ ನನಗೆ ಬಂದದ್ದು ಆಗಿನಿಂದ.

"ಕೊನೆಗೆ ಎಲ್ಲ ಒಂದೇ ಆಗುತ್ತಲ್ಲ, 1,50,000 ಆದಾಯ ಅಂತ ಬರೆದೆ, 1,50,000 ಖರ್ಚು ಅಂತ ಬರೆದೆ, ಸೊನ್ನೆ ಆಯಿತು" ಎಂದು ನನಗೆ ಒಬ್ಬ ಗೆಳೆಯ ಹೇಳಿದ. ನಾನೂ ವರ್ಷಗಟ್ಟಲೆ ಹಾಗೇ ಅಂದುಕೊಂಡಿದ್ದೆ. ದುಡ್ಡು ಬಂದ ವರ್ಷವೇ ಎಲ್ಲ ಖರ್ಚೂ ಆದರೆ ಲಾಭದ ಮಟ್ಟಿಗೆ ಅವನ ಮಾತು ಸರಿ. ಆದರೆ ಲೆಕ್ಕದ ವರ್ಷದ ಕೊನೆಯ ವಾರದಲ್ಲಿ ಮುಂಗಡ ಬಂದು, ಮುಂದಿನ ವರ್ಷದ ಮೊದಲ ತಿಂಗಳಲ್ಲಿ ಖರ್ಚಾದರೆ? ಈ ವರ್ಷ 1,50,000 ಇಲ್ಲದ ಲಾಭ. ಮುಂದಿನ ವರ್ಷ ಅಷ್ಟೇ ಇಲ್ಲದ ನಷ್ಟ. ಇಲ್ಲದ ಲಾಭಕ್ಕೆ ತೆರಿಗೆ ಕಟ್ಟಲು ಮಾತ್ರ ನಿಜವಾದ ದುಡ್ಡೇ ಬೇಕು.

ಇನ್ನೂ ಒಂದು ಕಾರಣವಿದೆ. ನನಗೆ ಅದೇ ಹೆಚ್ಚು ಮುಖ್ಯ. ಎಲ್ಲವನ್ನೂ ಆದಾಯಕ್ಕೆ ಸುರಿದಾಗ ನಮ್ಮ ವ್ಯವಹಾರ ಎಷ್ಟು ದೊಡ್ಡದು ಎಂಬುದೇ ನಮಗೆ ತಿಳಿಯುವುದಿಲ್ಲ. ಒಂದು ವರ್ಷ ನನ್ನ ಪುಸ್ತಕದಲ್ಲಿ ಹನ್ನೊಂದು ಲಕ್ಷದ ವಹಿವಾಟು ಕಾಣುತ್ತಿತ್ತು. ಬೇರೆಯವರ ಪರವಾಗಿ ಮಾಡಿದ ಖರ್ಚನ್ನು ಬಿಡಿಸಿ ನೋಡಿದರೆ ನನ್ನ ಶುಲ್ಕ ಬರೀ ನಾಲ್ಕು ಲಕ್ಷ. ಹನ್ನೊಂದು ಲಕ್ಷ ಎಂದು ನಂಬಿ ನಾನು ಬಾಡಿಗೆ ಜಾಸ್ತಿ ಇರುವ ಜಾಗ ಹುಡುಕುತ್ತಿದ್ದೆ. ನಾಲ್ಕು ಲಕ್ಷ ಎಂದು ಗೊತ್ತಾದಾಗ ನನ್ನ ಶುಲ್ಕ ತೀರಾ ಕಮ್ಮಿ ಇದೆ ಎನ್ನುವುದು ಮೊದಲ ಸಲ ಕಣ್ಣಿಗೆ ಬಿತ್ತು. ಅನೇಕ ದೇಶಗಳಲ್ಲಿ ವಹಿವಾಟು ಒಂದು ಮಿತಿ ದಾಟಿದರೆ ತೆರಿಗೆಯ ಬೇರೆ ನಿಯಮಗಳು ಅನ್ವಯಿಸುತ್ತವೆ. ಆ ಮಿತಿಯನ್ನು ನಮ್ಮದಲ್ಲದ ದುಡ್ಡಿನ ಬಲದಿಂದ ದಾಟುವುದು ಯಾಕೆ?

ಈಗ ಸ್ವಲ್ಪ ಕಷ್ಟದ ಜಾಗಕ್ಕೆ ಬರುತ್ತೇನೆ. ಯಾವ ಖರ್ಚು ಕ್ಲೈಂಟಿನದು, ಯಾವುದು ನನ್ನದು?

ಮೊದಮೊದಲು ಕ್ಲೈಂಟ್ ಕೊಟ್ಟ ದುಡ್ಡಿನಲ್ಲಿ ಮಾಡಿದ್ದೆಲ್ಲ ಕ್ಲೈಂಟಿನ ಖರ್ಚು ಅಂದುಕೊಂಡಿದ್ದೆ. ಹಾಗಲ್ಲ. ದುಡ್ಡು ಯಾರು ಕೊಟ್ಟರು ಎನ್ನುವುದರ ಮೇಲೆ ಇದು ತೀರ್ಮಾನ ಆಗುವುದಿಲ್ಲ. ಆದಾಯವನ್ನು ಹೇಗೆ ಬರೆಯಬೇಕು ಎಂದು ಹೇಳುವ ಅಂತರರಾಷ್ಟ್ರೀಯ ಲೆಕ್ಕಪತ್ರ ಮಾನದಂಡ ಐಎಫ್‌ಆರ್‌ಎಸ್ 15, 2014ರಲ್ಲಿ ಪ್ರಕಟವಾಗಿ 2018ರ ಜನವರಿ 1ರಿಂದ ಜಾರಿಗೆ ಬಂತು. ಅದು ಕೇಳುವ ಪ್ರಶ್ನೆ ಸರಳ. ಆ ವಸ್ತು ಅಥವಾ ಸೇವೆ ಗಿರಾಕಿಯ ಕೈ ಸೇರುವ ಮೊದಲು ನಿಮ್ಮ ಹಿಡಿತದಲ್ಲಿತ್ತಾ? ಅದು ಸರಿ ಇಲ್ಲದಿದ್ದರೆ ಉತ್ತರ ಕೊಡಬೇಕಾದವರು ಯಾರು? ಮಾರಾಟವಾಗದೆ ಉಳಿದರೆ, ಹಾಳಾದರೆ ನಷ್ಟ ಯಾರಿಗೆ? ಬೆಲೆ ಕಟ್ಟುವವರು ಯಾರು? ಹಿಡಿತ ನಿಮ್ಮದಾಗಿದ್ದರೆ ನೀವೇ ಮಾರುವವರು. ಇಲ್ಲದಿದ್ದರೆ ನೀವು ನಡುವೆ ನಿಂತು ಏರ್ಪಾಡು ಮಾಡಿಕೊಟ್ಟವರು, ನಿಮ್ಮ ಶುಲ್ಕ ಮಾತ್ರ ನಿಮ್ಮ ಆದಾಯ. ಇದೇ ಮಾನದಂಡ, ಕೆಲಸಕ್ಕೂ ಮೊದಲು ಬಂದ ಶುಲ್ಕವನ್ನು ಕರಾರಿನ ಹೊಣೆ ಎಂದು ತೋರಿಸಬೇಕು ಅನ್ನುತ್ತದೆ. ನಮ್ಮಂಥ ಪುಟ್ಟ ವ್ಯವಹಾರಗಳಿಗೆ ಆ ಮಾನದಂಡ ಕಡ್ಡಾಯವಲ್ಲದಿರಬಹುದು. ಆದರೆ ಆ ಪ್ರಶ್ನೆಗಳು ಬಹಳ ಉಪಯೋಗಕ್ಕೆ ಬರುತ್ತವೆ.

ಸಭಾಂಗಣದ ಬಾಡಿಗೆ ನೋಡಿ. ಕರಾರು ಕ್ಲೈಂಟಿನ ಹೆಸರಿನಲ್ಲಿ, ರಸೀದಿ ಕ್ಲೈಂಟಿನ ಹೆಸರಿನಲ್ಲಿ. ನಾನು ದುಡ್ಡು ದಾಟಿಸಿದೆ ಅಷ್ಟೇ. ಇದು ಪೂರ್ತಿ ಅವರದು. ಮುಂಗಡದಿಂದ ನೇರವಾಗಿ ಕಳೆಯಬೇಕು.

ನನ್ನ ಪ್ರಯಾಣದ ಖರ್ಚು ಬೇರೆ. ಜಾಗ ಅಳತೆ ಮಾಡಲು ನಾನು ಹೋಗಿ ಬಂದೆ, ಒಂದು ರಾತ್ರಿ ಉಳಿದೆ. ಆ ದುಡ್ಡನ್ನೂ ಕ್ಲೈಂಟೇ ಕೊಡುತ್ತಾರೆ. ಆದರೆ ಪ್ರಯಾಣ ಮಾಡಿದ್ದು ನನ್ನ ಕೆಲಸ ಮುಗಿಸಲು. ಆ ಟಿಕೆಟ್ಟು, ಆ ಕೋಣೆ ಕ್ಲೈಂಟಿಗೆ ಸಿಗುವ ವಸ್ತುವಲ್ಲ. ಹಾಗಾಗಿ ಇದು ನನ್ನ ಖರ್ಚು, ಅದಕ್ಕೆ ಅವರು ಕೊಡುವುದು ನನ್ನ ಆದಾಯ. ಎರಡೂ ಲಾಭ-ನಷ್ಟದ ಪಟ್ಟಿಗೆ ಹೋಗುತ್ತವೆ. ಮುಂಗಡದ ಖಾತೆಯಿಂದ ಆ ಮೊತ್ತ ಕಳೆಯುವುದು ನಿಜ. ಆದರೆ ಬ್ಯಾಂಕಿಗೆ ಎದುರಾಗಿ ಕಳೆಯುವುದಿಲ್ಲ, ಆದಾಯಕ್ಕೆ ಎದುರಾಗಿ ಕಳೆಯುತ್ತದೆ. ಮೊದಲ ಸಲ ಓದಿದಾಗ ಇದು ತಲೆಗೆ ಹತ್ತುವುದಿಲ್ಲ. ಎರಡು ಸಲ ಬರೆದು ನೋಡಿದರೆ ಹತ್ತುತ್ತದೆ.

ಮರದ ಹಲಗೆಯೇ ನನಗೆ ಜಾಸ್ತಿ ತಲೆನೋವು ಕೊಟ್ಟಿದ್ದು. ಹಲಗೆ ತಂದು ನನ್ನ ಜಾಗದಲ್ಲಿ ಇಳಿಸಿಕೊಳ್ಳುತ್ತೇನೆ. ಕತ್ತರಿಸುವಾಗ ಒಂದು ಸೀಳಿದರೆ ನಷ್ಟ ನನ್ನದಾ, ಅವರದಾ? ಕೆಲವು ಕೆಲಸಗಳಲ್ಲಿ ನಾನು ಚೌಕಟ್ಟಿಗೆ ಇಷ್ಟು ಅಂತ ಪೂರ್ತಿ ಬೆಲೆ ಹೇಳಿರುತ್ತೇನೆ. ಆಗ ಮರ ನನ್ನದು, ಸೀಳಿದರೆ ನಷ್ಟವೂ ನನ್ನದು, ಅಗ್ಗಕ್ಕೆ ಸಿಕ್ಕರೆ ಲಾಭವೂ ನನ್ನದು. ಬಿಲ್ ತೋರಿಸುವ ಅಗತ್ಯವಿಲ್ಲ. ಆ ಮುಂಗಡ ಕೂಡ ಶುಲ್ಕದ ಮುಂಗಡದ ಜಾತಿಗೇ ಸೇರುತ್ತದೆ. ಇನ್ನು ಕೆಲವು ಕೆಲಸಗಳಲ್ಲಿ "ಮರ ಎಷ್ಟಾಗುತ್ತೋ ಅಷ್ಟು ನೀವು ಕೊಡಿ, ಬಿಲ್ ಕೊಡುತ್ತೇನೆ, ನನ್ನ ಕೂಲಿ ಬೇರೆ" ಎಂದಿರುತ್ತೇನೆ. ಮೇಡಂ ಅವರ ಕೆಲಸ ಈ ಬಗೆಯದು. ಆಗ ಬಿಲ್ಲಿನಲ್ಲಿ ಇದ್ದಷ್ಟೇ ಕಳೆಯಬೇಕು. ಒಂದು ಕಾಸೂ ಮೇಲೆ ಹಾಕಬಾರದು.

ಇದರಲ್ಲಿ ನಾನು ತುಂಬಾ ಗಟ್ಟಿ. ಎರಡನ್ನೂ ಬೆರೆಸುವುದು ಸುಳ್ಳು ಹೇಳಿದ ಹಾಗೆ. "ಬಿಲ್ ಪ್ರಕಾರ" ಎಂದು ಹೇಳಿ, ಅಂಗಡಿಯವರಿಂದ ಹೆಚ್ಚಿನ ಮೊತ್ತದ ಬಿಲ್ ಬರೆಸಿಕೊಳ್ಳುವವರನ್ನು ನೋಡಿದ್ದೇನೆ. ಅಷ್ಟು ದೂರ ಹೋಗದಿದ್ದರೂ, ಅಂಗಡಿಯವರು ಕೊಟ್ಟ ರಿಯಾಯಿತಿಯನ್ನು ಸುಮ್ನೆ ಜೇಬಿಗೆ ಹಾಕಿಕೊಳ್ಳುವುದು ನಮ್ಮಲ್ಲಿ ಬಹಳ ಜನರಿಗೆ ತಪ್ಪು ಅನಿಸುವುದೇ ಇಲ್ಲ. ಖರೀದಿ ಅವರ ಪರವಾಗಿ ಆಗಿದ್ದರೆ ರಿಯಾಯಿತಿಯೂ ಅವರದೇ. ನಮಗೆ ಜಾಸ್ತಿ ಬೇಕಿದ್ದರೆ ಶುಲ್ಕ ಜಾಸ್ತಿ ಕೇಳೋಣ. ಖರೀದಿ ಮಾಡಿಕೊಡುವುದಕ್ಕೆ ಇಷ್ಟು ಎಂದು ಬೇರೆ ಸಾಲಿನಲ್ಲಿ ಬರೆಯೋಣ. ಬೇಡ ಎಂದವರು ಬೇಡ ಎನ್ನುತ್ತಾರೆ. ನಾನು ಹಾಗೆ ಬರೆಯಲು ಶುರು ಮಾಡಿದ ಮೇಲೆ ಇಬ್ಬರು ಮಾತ್ರ ಬೇಡ ಎಂದರು.

ಬಿಲ್ಲುಗಳ ಬಗ್ಗೆ ಹೇಳಲೇಬೇಕು. ಆ ರಾತ್ರಿ ಲಕೋಟೆಯಿಂದ ಬಿದ್ದ ಕಾಗದಗಳಲ್ಲಿ ಒಂದು ಪೂರ್ತಿ ಬಿಳಿ. ಎರಡೂ ಕಡೆ ಏನೂ ಇಲ್ಲ. ದೀಪದ ಹತ್ತಿರ ಹಿಡಿದು ಓರೆಯಾಗಿ ನೋಡಿದರೆ ಎಲ್ಲೋ ಒಂದು ಸಾಲು ಇದ್ದ ಗುರುತು ಮಾತ್ರ. ಅಂಗಡಿಯ ಯಂತ್ರದಿಂದ ಬರುವ ಆ ನುಣುಪು ಚೀಟಿಗಳಲ್ಲಿ ಶಾಯಿ ಇರುವುದಿಲ್ಲ. ಕಾಗದದ ಮೇಲಿನ ಲೇಪ ಶಾಖಕ್ಕೆ ಕಪ್ಪಾಗಿ ಅಕ್ಷರ ಮೂಡುತ್ತದೆ, ಅಷ್ಟೇ. ಬೆಳಕು, ಬಿಸಿಲು, ಪ್ಲಾಸ್ಟಿಕ್ ಕವರಿನ ಒತ್ತು ಸಾಕು, ಕೆಲವು ತಿಂಗಳಲ್ಲಿ ಮಾಸಿಹೋಗುತ್ತದೆ. ಅದು 3,150ರ ಚೀಟಿ ಎಂದು ನನಗೆ ನೆನಪಿತ್ತು. ದೀಪದ ಹಿಡಿಕೆ, ತಂತಿ, ಮೊಳೆ. ಜೇಬಿನಿಂದ ನಗದು ಕೊಟ್ಟಿದ್ದೆ. ಆದರೆ ಕಮಿಟಿಗೆ ತೋರಿಸುವ ಹಾಳೆಯಲ್ಲಿ "ನನಗೆ ನೆನಪಿದೆ" ಎಂದು ಬರೆಯಲಾಗುತ್ತದಾ? ಅದನ್ನು ಬಿಟ್ಟುಬಿಟ್ಟೆ.

ಈಗ ಚೀಟಿ ಕೈಗೆ ಬಂದ ಕೂಡಲೇ, ಅಂಗಡಿಯ ಮುಂದೆಯೇ ಫೋಟೋ ತೆಗೆಯುತ್ತೇನೆ. ತೆಗೆಯುವ ಮೊದಲು ಪೆನ್ನಿನಲ್ಲಿ ಮೂಲೆಯಲ್ಲಿ ಕ್ಲೈಂಟಿನ ಗುರುತು ಬರೆಯುತ್ತೇನೆ. ಒಂದೇ ಅಂಗಡಿಯಲ್ಲಿ ಇಬ್ಬರಿಗಾಗಿ ಕೊಂಡರೆ ಎರಡು ಬಿಲ್ ಕೇಳುತ್ತೇನೆ. ಹಿಂದೆ ನಿಂತವರು ಗೊಣಗುತ್ತಾರೆ. ಆದರೂ ಕೇಳುತ್ತೇನೆ.

ಆಗಲೇ ಬರೆಯಬೇಕು ಎನ್ನುವುದು ಹೊಸ ಮಾತಲ್ಲ. ಇಟಲಿಯ ಗಣಿತಜ್ಞ ಲೂಕಾ ಪಾಚೋಲಿ 1494ರಲ್ಲಿ ವೆನಿಸ್‌ನಲ್ಲಿ ಅಚ್ಚು ಹಾಕಿಸಿದ ಗಣಿತದ ಪುಸ್ತಕದಲ್ಲಿ ಅಲ್ಲಿನ ವ್ಯಾಪಾರಿಗಳು ಲೆಕ್ಕ ಇಡುತ್ತಿದ್ದ ಕ್ರಮವನ್ನು ವಿವರಿಸಿದ್ದಾನೆ. ಅವನು ಹೇಳುವ ಪುಸ್ತಕಗಳು ಮೂರು. ವ್ಯವಹಾರ ನಡೆದ ಹಾಗೆ, ನಡೆದಾಗಲೇ ಗೀಚಿಕೊಳ್ಳುವ ಕರಡು. ಅದನ್ನು ಡೆಬಿಟ್, ಕ್ರೆಡಿಟ್ ಮಾಡಿ ಇಳಿಸುವ ಕಿರ್ದಿ. ಅಲ್ಲಿಂದ ಹೆಸರು ಹೆಸರಿಗೆ ಹಂಚುವ ಖಾತೆ ಪುಸ್ತಕ. ಇಂದಿನ ಸಾಫ್ಟ್‌ವೇರ್ ಇವುಗಳಲ್ಲಿ ಕೊನೆಯ ಎರಡು ಪುಸ್ತಕಗಳನ್ನು ತಾನೇ ಬರೆದುಕೊಡುತ್ತದೆ. ಮೊದಲನೆಯದನ್ನು ನಾವೇ ಬರೆಯಬೇಕು. ನನ್ನ ಕರಡು ಜೇಬಿನಲ್ಲಿ ಹಿಡಿಸುವ ಒಂದು ನೋಟ್‌ಬುಕ್. ತಾರೀಖು, ಯಾರಿಗಾಗಿ, ಎಷ್ಟು, ಯಾವುದಕ್ಕೆ, ಬಿಲ್ ಇದೆಯಾ.

ಸಾಫ್ಟ್‌ವೇರಿನ ವಿಷಯ ಬಂದಿತಲ್ಲ. ಒಂದು ಗುಂಡಿಗೆ ಬೀಳಬೇಡಿ. ಇನ್‌ವಾಯ್ಸ್ ಮಾಡಿದ ಕೂಡಲೇ ಅದು ಮೊತ್ತವನ್ನು ಸಾಮಾನ್ಯವಾಗಿ ಆದಾಯಕ್ಕೆ ಹಾಕಿಬಿಡುತ್ತದೆ. ಮುಂಗಡ ಕೇಳಲು ಇನ್‌ವಾಯ್ಸ್ ಕಳಿಸುವವರು "ಖರ್ಚಿನ ಮುಂಗಡ" ಎಂಬ ಬೇರೆ ಐಟಂ ಮಾಡಿ, ಅದನ್ನು ಚಾಲ್ತಿ ಹೊಣೆಗಳ (ಸದ್ಯದಲ್ಲೇ ತೀರಿಸಬೇಕಾದ ಹೊಣೆಗಳ) ಕೆಳಗಿನ ಖಾತೆಗೆ ಜೋಡಿಸಬೇಕು. ಐದು ನಿಮಿಷದ ಕೆಲಸ. ಇದನ್ನು ಮಾಡದೆ ನನ್ನ ಎರಡು ವರ್ಷದ ಲೆಕ್ಕ ಕೆಟ್ಟಿತ್ತು. ಯಾವ ಖಾತೆಗೆ ಹಾಕಬೇಕೆಂದು ತಿಳಿಯದ ಮೊತ್ತಗಳನ್ನೆಲ್ಲ ಅನಾಮತ್ತು ಖಾತೆಗೆ ತಳ್ಳುವ ಅಭ್ಯಾಸವೂ ಇತ್ತು. ಅನಾಮತ್ತು ಖಾತೆ ಒಂದೆರಡು ದಿನದ ತಂಗುದಾಣ. ನನ್ನದರಲ್ಲಿ ಹದಿನಾಲ್ಕು ತಿಂಗಳ ಹಿಂದಿನ ಸಾಲುಗಳಿದ್ದವು.

ಉಪಖಾತೆ ಕ್ಲೈಂಟಿಗೊಂದು ಇರಲೇಬೇಕು ಎನ್ನುವುದಕ್ಕೂ ಕಾರಣವಿದೆ. ಎಲ್ಲರ ಮುಂಗಡವನ್ನೂ ಒಂದೇ ಖಾತೆಯಲ್ಲಿ ಇಟ್ಟರೆ ಮೊತ್ತ ಸರಿಯಾಗಿಯೇ ಕಾಣುತ್ತದೆ. ಒಬ್ಬರದು 40,000 ಉಳಿದಿದೆ. ಇನ್ನೊಬ್ಬರಿಗೆ ಅವರು ಕೊಟ್ಟದ್ದಕ್ಕಿಂತ 15,000 ಜಾಸ್ತಿ ಖರ್ಚು ಮಾಡಿದ್ದೇವೆ. ಖಾತೆ ತೋರಿಸುವುದು 25,000. ಆ ಹದಿನೈದು ಸಾವಿರವನ್ನು ಮೊದಲನೆಯವರ ದುಡ್ಡಿನಿಂದ ತೆಗೆದಿದ್ದೇವೆ ಎನ್ನುವುದು ಎಲ್ಲೂ ಕಾಣುವುದಿಲ್ಲ. ಹೆಸರಿನ ಪ್ರಕಾರ ಬಿಡಿಸಿಟ್ಟಿದ್ದರೆ ಎರಡನೆಯವರ ಖಾತೆ ಡೆಬಿಟ್ ಕಡೆಗೆ ತಿರುಗಿದ ದಿನವೇ ಗೊತ್ತಾಗುತ್ತದೆ. ಆಗ ಅದು ಮುಂಗಡ ಅಲ್ಲ, ಅವರಿಂದ ಬರಬೇಕಾದ ಬಾಕಿ. ನಾನು ಅಲ್ಲಿಗೆ ಹೋಗಲು ಬಿಡುವುದಿಲ್ಲ. ಉಳಿಕೆ ಐದನೇ ಒಂದು ಪಾಲಿಗೆ ಇಳಿದ ಕೂಡಲೇ, ಮುಂದಿನ ಖರ್ಚು ಇಷ್ಟಿದೆ ಎಂದು ಬರೆದು ಕೇಳುತ್ತೇನೆ.

ದೊಡ್ಡ ಕೆಲಸಗಳಿಗೆ ಇನ್ನೊಂದು ದಾರಿ ಇಷ್ಟವಾಗಿದೆ. ಕಚೇರಿಗಳಲ್ಲಿ ಸಣ್ಣಪುಟ್ಟ ಖರ್ಚಿಗೆ ಖಾಯಂ ಮುಂಗಡ ಇಡುತ್ತಾರಲ್ಲ, ಹಾಗೆ. 50,000 ಅಂತ ಒಂದು ಮೊತ್ತ ನಿಗದಿ ಮಾಡಿಕೊಳ್ಳುತ್ತೇವೆ. ತಿಂಗಳಿಗೊಮ್ಮೆ ಬಿಲ್ಲುಗಳನ್ನು ಕೊಡುತ್ತೇನೆ, ಬಿಲ್ಲುಗಳ ಮೊತ್ತ ಎಷ್ಟೋ ಅಷ್ಟನ್ನೇ ತುಂಬಿಕೊಡುತ್ತಾರೆ. ಯಾವ ದಿನ ನೋಡಿದರೂ ಕೈಯಲ್ಲಿರುವ ದುಡ್ಡು ಮತ್ತು ಬಿಲ್ಲು ಕೂಡಿಸಿದರೆ 50,000 ಆಗಬೇಕು. ಆಗದಿದ್ದರೆ ಅವತ್ತೇ ಹುಡುಕಬೇಕು.

ಬೇರೆ ಬ್ಯಾಂಕ್ ಖಾತೆ ಬೇಕಾ? ಬೇಕು ಎನ್ನುವುದು ನನ್ನ ಅಭಿಪ್ರಾಯ. ಬಹಳ ಕಡೆ ನಮ್ಮಂಥವರಿಗೆ ಕಾನೂನು ಹಾಗೆ ಹೇಳದಿರಬಹುದು, ವಕೀಲರಿಗೆ ಹೇಳುತ್ತದೆ. ಅಮೆರಿಕದ ವಕೀಲರ ಸಂಘದ ಮಾದರಿ ನಿಯಮ 1.15ರಲ್ಲಿ ಈ ನಮ್ಮ ವಿಷಯವೇ ಇದೆ. ಕಕ್ಷಿದಾರ ಶುಲ್ಕಕ್ಕೂ ಖರ್ಚಿಗೂ ಮೊದಲೇ ಕೊಟ್ಟ ದುಡ್ಡನ್ನು ಕಕ್ಷಿದಾರರ ದುಡ್ಡಿಗೆಂದೇ ಬೇರೆ ಇಟ್ಟ ನಂಬಿಕೆಯ ಖಾತೆಯಲ್ಲಿ (ಟ್ರಸ್ಟ್ ಅಕೌಂಟ್) ಇಡಬೇಕು. ಶುಲ್ಕ ಗಳಿಸಿದ ಹಾಗೆ, ಖರ್ಚು ಆದ ಹಾಗೆ ಮಾತ್ರ ತೆಗೆಯಬೇಕು. ಇಂಗ್ಲೆಂಡ್ ಮತ್ತು ವೇಲ್ಸ್‌ನ ಸಾಲಿಸಿಟರುಗಳು, ಅಂದರೆ ಅಲ್ಲಿನ ಒಂದು ಬಗೆಯ ವಕೀಲರು, 2019ರ ನಿಯಮಗಳ ಪ್ರಕಾರ ಕನಿಷ್ಠ ಐದು ವಾರಕ್ಕೊಮ್ಮೆ ಕಕ್ಷಿದಾರರ ಖಾತೆಯನ್ನು ತಾಳೆ ನೋಡಬೇಕು. ತಾಳೆ ಎಂದರೆ ಮೂರು ಅಂಕಿ ಒಂದಾಗಬೇಕು: ಬ್ಯಾಂಕ್ ಹೇಳುವುದು, ನಮ್ಮ ಪುಸ್ತಕ ಹೇಳುವುದು, ಒಬ್ಬೊಬ್ಬರ ಉಪಖಾತೆ ಕೂಡಿಸಿದರೆ ಬರುವುದು.

ನಾನು ಇದನ್ನು ತಿಂಗಳಿಗೊಮ್ಮೆ ಮಾಡುತ್ತೇನೆ. ಖರ್ಚಿನ ಮುಂಗಡ ಎಲ್ಲ ಎರಡನೇ ಖಾತೆಗೆ ಬರುತ್ತದೆ. ಆ ಖಾತೆಯ ಕಾರ್ಡನ್ನು ಮಾಡಿಸಿಯೇ ಇಲ್ಲ. ನನ್ನ ಬಾಡಿಗೆ, ಸಂಬಳ ಯಾವುದೂ ಅಲ್ಲಿಂದ ಹೋಗುವುದಿಲ್ಲ. ಬೆಳಿಗ್ಗೆ ಮೊಬೈಲಿನಲ್ಲಿ ಬ್ಯಾಲೆನ್ಸ್ ನೋಡಿದಾಗ ಈಗ ಕಾಣುವುದು ಕಮ್ಮಿ. ಕೆಲವು ತಿಂಗಳು ತೀರಾ ಕಮ್ಮಿ. ಆದರೆ ಅದು ನಾನು ಖರ್ಚು ಮಾಡಬಹುದಾದ ದುಡ್ಡು. ಅದನ್ನು ನೋಡಿ ತೀರ್ಮಾನ ತಗೋಬಹುದು.

ತೆರಿಗೆಯ ಬಗ್ಗೆ ಎಲ್ಲರಿಗೂ ಒಂದೇ ಉತ್ತರ ಇಲ್ಲ. ದುಡ್ಡು ಕೈಗೆ ಬಂದಾಗ, ಕೈಯಿಂದ ಹೋದಾಗ ಮಾತ್ರ ಲೆಕ್ಕ ಬರೆಯುವವರಿಗೆ ಶುಲ್ಕದ ಮುಂಗಡ ಬಂದ ವರ್ಷವೇ ಆದಾಯ ಎನ್ನುವ ದೇಶಗಳಿವೆ. ಪರವಾಗಿ ಮಾಡಿದ ಖರ್ಚನ್ನು ಮಾರಾಟ ತೆರಿಗೆಯಿಂದ ಹೊರಗಿಡಲು ಬಿಲ್ ಯಾರ ಹೆಸರಿನಲ್ಲಿರಬೇಕು ಎಂಬ ಷರತ್ತುಗಳೂ ಇವೆ. ನಿಮ್ಮ ಜಾಗದ ನಿಯಮ ಬಲ್ಲವರನ್ನು ಕೆಲಸ ಒಪ್ಪಿಕೊಳ್ಳುವ ಮೊದಲೇ ಕೇಳಿ. ಬಿಲ್ಲನ್ನು ನಿಮ್ಮ ಹೆಸರಿನಲ್ಲಿ ಬರೆಸಿದ ಮೇಲೆ ಕೇಳಿದರೆ ತಡವಾಗಿರುತ್ತದೆ.

ಕೆಲಸ ಮುಗಿದಾಗ ಉಳಿಕೆ ಏನಾಗಬೇಕು? ವಾಪಸ್ ಹೋಗಬೇಕು, ಇಲ್ಲವೇ ಕೊನೆಯ ಶುಲ್ಕದ ಬಿಲ್ಲಿಗೆ ಹೊಂದಿಕೆಯಾಗಬೇಕು. ಹೊಂದಿಸುವ ಮೊದಲು ಕೇಳುತ್ತೇನೆ, ಬರಹದಲ್ಲಿ. "ನಿಮ್ಮ ಖರ್ಚಿನ ಮುಂಗಡದಲ್ಲಿ ಇಷ್ಟು ಉಳಿದಿದೆ. ನಮ್ಮ ಬಿಲ್ ಇಷ್ಟು. ಇದರಲ್ಲಿ ಕಳೆದುಕೊಳ್ಳಲೇ, ವಾಪಸ್ ಕಳಿಸಲೇ?" ಹೆಚ್ಚಿನವರು ಕಳೆದುಕೊಳ್ಳಿ ಎನ್ನುತ್ತಾರೆ. ಕೇಳದೆ ಕಳೆದುಕೊಂಡರೆ ಅದೇ ಮೊತ್ತ, ಅದೇ ಫಲ. ಆದರೂ ಅವರ ದುಡ್ಡನ್ನು ನನ್ನದು ಮಾಡಿಕೊಳ್ಳುವ ಮಾತು ಅವರ ಬಾಯಿಂದ ಬರಬೇಕು.

ಮೇಡಂ ಅವರ ಆ ಗೋಡೆ ಕೊನೆಗೆ ಆಯಿತು. ಉಳಿದಿದ್ದ 30,000ದಲ್ಲಿ ಏಳು ಫೋಟೋ ದೊಡ್ಡದು ಮಾಡಿಸಿದೆವು, 26,800. ಠೇವಣಿ ಬಂದ ಮೇಲೆ ಅವರ ಉಳಿಕೆ 23,200. ಒಂದು ಹಾಳೆಯ ಲೆಕ್ಕ, ಬಿಲ್ಲುಗಳ ಪ್ರತಿ, ಆ ಮೊತ್ತ ಮೂರನ್ನೂ ಒಂದೇ ದಿನ ಕಳಿಸಿದೆ. ಅವರಿಗೆ ಈವರೆಗೆ ಇನ್ನೂ ಮೂರು ಕೆಲಸ ಮಾಡಿಕೊಟ್ಟಿದ್ದೇನೆ.

ಇನ್ನೊಂದು ಖಾತೆ ಮಾತ್ರ ಮುಚ್ಚಿಲ್ಲ. ಒಬ್ಬರು ಸಣ್ಣ ಕೆಲಸಕ್ಕೆ ಮುಂಗಡ ಕೊಟ್ಟಿದ್ದರು. ಕೆಲಸ ಮುಗಿಯಿತು, 4,250 ಉಳಿಯಿತು. ವಾಪಸ್ ಕಳಿಸಲು ಹೋದರೆ ಅವರ ಬ್ಯಾಂಕ್ ಖಾತೆ ಮುಚ್ಚಿತ್ತು. ಫೋನ್ ಹೋಗುವುದಿಲ್ಲ. ಮೇಲ್‌ಗೆ ಉತ್ತರವಿಲ್ಲ. ಎರಡು ವರ್ಷ ಆಗುತ್ತಾ ಬಂತು. ವಾರಸುದಾರರು ಸಿಗದ ಇಂಥ ದುಡ್ಡಿಗೆ ಅನೇಕ ಕಡೆ ಬೇರೆಯೇ ನಿಯಮಗಳಿವೆ, ಕಾಯಬೇಕಾದ ಅವಧಿಯೂ ಇದೆ. ಅಲ್ಲಿಯವರೆಗೆ ಅದು ಎರಡನೇ ಖಾತೆಯಲ್ಲೇ ಇರುತ್ತದೆ. ಹೊಣೆಯ ಪಟ್ಟಿಯಲ್ಲಿ, ಅವರ ಹೆಸರಿನ ಎದುರಿಗೆ. ಮೊನ್ನೆ ತಿಂಗಳ ಕೊನೆಗೆ ಮತ್ತೆ ಒಂದು ಮೇಲ್ ಕಳಿಸಿ, ತಾಳೆ ನೋಡಿ, ಆ ಸಾಲನ್ನು ಮುಂದಿನ ತಿಂಗಳಿಗೆ ಎಳೆದು ಬರೆದೆ. 4,250.